‘ಟೇಕ್’ ಅನ್ನು ಹಿಡಿಯುವ ಬಗೆ

ಇಂಗ್ಲಿಷು ಕಲಿಯತೊಡಗಿದ ಕನ್ನಡದ ಹುಡುಗನನ್ನು ಕಾಡುವುದು ದೊಡ್ಡ ಶಬ್ದಗಳಲ್ಲ. ‘ಪಾರ್ಲಿಮೆಂಟ್’, ‘ಫಿಲಾಸಫಿ’ ಮುಂತಾದ ಗಜಗಾತ್ರದ ಪದಗಳಿಗೆ ಅರ್ಥ ಒಂದೋ ಎರಡೋ. ಒಮ್ಮೆ ಬಾಯಿಪಾಠವಾದರೆ ಅವು ಮತ್ತೆ ತಂಟೆಗೆ ಬರುವುದಿಲ್ಲ. ಕಾಟ ಕೊಡುವವು ಗಿಡ್ಡ ಗಿಡ್ಡ ಕ್ರಿಯಾಪದಗಳು: ಗೆಟ್, ಸೆಟ್, ರನ್, ಪುಟ್, ಟೇಕ್. ಈ ಕುಳ್ಳರು ಒಂದೊಂದು ವಾಕ್ಯದಲ್ಲಿ ಒಂದೊಂದು ವೇಷ ಹಾಕುತ್ತಾರೆ. ಹೆಸರು ಕೇಳಿದರೆ ಒಂದೇ. ಕೆಲಸ ನೋಡಿದರೆ ನೂರು.

ಇದು ನಮ್ಮ ಹುಡುಗರ ದಡ್ಡತನವೆಂದು ಯಾರೂ ತಿಳಿಯಬೇಕಾಗಿಲ್ಲ. ಇಂಗ್ಲಿಷರ ಘನ ಕೋಶಕಾರರೇ ಈ ಕುಳ್ಳರ ಮುಂದೆ ಬಸವಳಿದಿದ್ದಾರೆ. ಡಾಕ್ಟರ್ ಜಾನ್ಸನ್ 1755ರಲ್ಲಿ ತನ್ನ ನಿಘಂಟನ್ನು ಹೊರತಂದಾಗ ‘ಟೇಕ್’ ಒಂದಕ್ಕೇ 134 ಅರ್ಥಗಳನ್ನು ಕೊಡಬೇಕಾಯಿತು. ಅದಕ್ಕೆ ಐದು ಪುಟ, ಸುಮಾರು 8,000 ಶಬ್ದ ವ್ಯಯವಾದವು. 1928ರಲ್ಲಿ ಮುಗಿದ ಆಕ್ಸ್‌ಫರ್ಡ್ ಮಹಾಕೋಶದ ಮೊದಲ ಆವೃತ್ತಿಯಲ್ಲಿ ಎಲ್ಲಕ್ಕೂ ಉದ್ದನೆಯ ವಿವರಣೆ ‘ಸೆಟ್’ ಶಬ್ದದ್ದಾಗಿತ್ತು. ಈಚಿನ ಪರಿಷ್ಕರಣದಲ್ಲಿ ಆ ಪಟ್ಟ ‘ರನ್’ಗೆ ದಕ್ಕಿದೆ, ಅದರ ಅರ್ಥಗಳು ಆರುನೂರನ್ನೂ ಮೀರಿವೆ. ಬಹಳ ಓಡಾಡಿದ ನಾಣ್ಯ ಸವೆಯುತ್ತದೆ. ಬಹಳ ಓಡಾಡಿದ ಕ್ರಿಯಾಪದ ಮಾತ್ರ ಬೆಳೆಯುತ್ತದೆ.

ಇನ್ನೂ ಒಂದು ಸೋಜಿಗವುಂಟು. ಇಂಗ್ಲಿಷಿನ ಬೆನ್ನೆಲುಬಿನಂತಿರುವ ಈ ‘ಟೇಕ್’ ಮೂಲತಃ ಇಂಗ್ಲಿಷಿನದೇ ಅಲ್ಲ. ಸುಮಾರು ಸಾವಿರ ವರ್ಷಗಳ ಹಿಂದೆ ಸ್ಕ್ಯಾಂಡಿನೇವಿಯದಿಂದ ಹಡಗಿನಲ್ಲಿ ಬಂದು ಇಂಗ್ಲೆಂಡಿನ ನೆಲದಲ್ಲಿ ಬೀಡುಬಿಟ್ಟವರ ನುಡಿಯ ‘ತಾಕ’ ಎಂಬ ಧಾತು ಅದು. ಅದು ಬರುವ ಮುಂಚೆ ಆ ಕೆಲಸ ಮಾಡುತ್ತಿದ್ದದ್ದು ‘ನಿಮನ್’ ಎಂಬ ಮನೆಯ ಶಬ್ದ. ಅದರ ದಾಯಾದಿಯಾದ ‘ನೇಮೆನ್’ ಜರ್ಮನ್ ಭಾಷೆಯಲ್ಲಿ ಇಂದಿಗೂ ಬಾಳಿದೆ. ಇಂಗ್ಲಿಷಿನಲ್ಲಿಯ ‘ನಿಮನ್’ ಮಾತ್ರ ಬಂದ ಅತಿಥಿಗೆ ಜಾಗ ಬಿಟ್ಟು ಹೊರಟುಹೋಯಿತು. ತೆಗೆದುಕೊಳ್ಳುವ ಶಬ್ದವನ್ನೇ ಪರರಿಂದ ತೆಗೆದುಕೊಂಡ ಭಾಷೆ ಅದು! ಆದುದರಿಂದ ಪರಭಾಷೆಯ ಸೋಂಕು ತಗಲಿದ ಮಾತ್ರಕ್ಕೆ ಭಾಷೆ ಕೆಡುತ್ತದೆಂಬ ಮಡಿವಂತಿಕೆ ಈ ಚರ್ಚೆಯಲ್ಲಿ ನಮಗೆ ಬೇಡ. ಕೆಡುಕಿನ ಬೇರು ಬೇರೆಡೆ ಇದೆ.

ಅದನ್ನು ಹುಡುಕಲು ನಮ್ಮ ಪಡುಗಡಲ ತಡಿಯ ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳಿಗಿಂತ ಒಳ್ಳೆಯ ತಾಣ ಸಿಗಲಾರದು. ಶರಾವತಿ, ಅಘನಾಶಿನಿಗಳು ಕಡಲು ಸೇರುವ ಈ ಕಿರಿದಾದ ಪಟ್ಟಿಯಲ್ಲಿ ಕನ್ನಡವೇ ಹಲವು: ಹವ್ಯಕರದು ಒಂದು, ಹಾಲಕ್ಕಿ ಒಕ್ಕಲಿಗರದು ಒಂದು, ನಾಮಧಾರಿಗಳದು ಮತ್ತೊಂದು. ಕೊಂಕಣಿಯೂ ಜಾತಿಗೊಂದು ಧಾಟಿಯದು. ಭಟ್ಕಳದ ನವಾಯತರ ಮನೆಮಾತು ಕೊಂಕಣಿಯ ನಂಟಿನದಾದರೂ ಅರಬ್ಬಿ, ಪಾರಸಿ ಶಬ್ದಗಳನ್ನು ಒಡಲಲ್ಲಿಟ್ಟುಕೊಂಡು ಅರಬ್ಬಿ-ಪಾರಸಿ ಲಿಪಿಯಲ್ಲಿ ಬರೆಯಲ್ಪಡುತ್ತದೆ. ಇದಲ್ಲದೆ ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದರಾಸು ಇಲಾಖೆಯಿಂದ ಮುಂಬಯಿ ಇಲಾಖೆಗೆ ಸೇರಿ 1956ರ ತನಕ ಅಲ್ಲೇ ಇದ್ದುದರಿಂದ ಕಚೇರಿಯ ದಾರಿಯಾಗಿ ಮರಾಠಿಯೂ ಕಿವಿಗೆ ಬೀಳುತ್ತಿತ್ತು. ಇಲ್ಲಿಯ ಅಂಗಡಿಕಾರನೊಬ್ಬ ಮಧ್ಯಾಹ್ನದ ಊಟದೊಳಗಾಗಿ ಮೂರು ಭಾಷೆಗಳ ಕ್ರಿಯಾಪದಗಳನ್ನು ಬಳಸಿರುತ್ತಾನೆ. ಒಂದರ ಅಂಗಿಯನ್ನು ಇನ್ನೊಂದಕ್ಕೆ ತೊಡಿಸುವುದಿಲ್ಲ.

ಆದರೆ ಅದೇ ಅಂಗಡಿಕಾರನ ಮಗ ಶಾಲೆಯಲ್ಲಿ ಕಲಿಯುವುದು ಏನು? ‘ಟೇಕ್ ಎಂದರೆ ತೆಗೆದುಕೊಳ್ಳು.’ ಇದು ಸುಳ್ಳಲ್ಲ. ಆದರೆ ನೂರಮೂವತ್ತನಾಲ್ಕರಲ್ಲಿ ಒಂದು ಪಾಲಿನ ಸತ್ಯ. ಈ ಒಂದು ಕೀಲಿಕೈ ಹಿಡಿದು ಹುಡುಗ ಎಲ್ಲ ಬೀಗಗಳನ್ನೂ ತೆರೆಯಲು ಹೋಗುತ್ತಾನೆ. ರೈಲು ನಾಲ್ಕು ಗಂಟೆ ‘ತೆಗೆದುಕೊಳ್ಳುತ್ತದೆ’, ವಿಮಾನ ಏನನ್ನೋ ‘ತೆಗೆದುಕೊಂಡು’ ಮೇಲೇರುತ್ತದೆ, ಮಗಳು ತಾಯಿಯ ‘ನಂತರ ತೆಗೆದುಕೊಳ್ಳುತ್ತಾಳೆ’! ಕೊನೆಗೆ ಅವನು ಇಂಗ್ಲಿಷು ತನಗೆ ಒಗ್ಗದ ವಿದ್ಯೆಯೆಂದು ಕೈಚೆಲ್ಲುತ್ತಾನೆ. ನಷ್ಟ ಅಷ್ಟಕ್ಕೇ ನಿಲ್ಲುವುದಿಲ್ಲ. ಈ ಹುಡುಗರಲ್ಲಿ ಕೆಲವರು ಬೆಳೆದು ಪತ್ರಿಕೆಗಳಿಗೆ ಬರೆಯುತ್ತಾರೆ, ಸರ್ಕಾರದ ಸುತ್ತೋಲೆ ರಚಿಸುತ್ತಾರೆ, ಪುಸ್ತಕ ಅನುವಾದಿಸುತ್ತಾರೆ. ಆಗ ಆ ಒಂದೇ ಕೀಲಿಕೈ ಕನ್ನಡದ ಮನೆಯ ಬೀಗಗಳನ್ನೂ ಕೆಡಿಸತೊಡಗುತ್ತದೆ.

ಒಂದಿಷ್ಟು ಉದಾಹರಣೆಗಳನ್ನು ನೋಡೋಣ. ಇಂಗ್ಲಿಷಿನವನು ಚಹವನ್ನು ‘ಟೇಕ್’ ಮಾಡುತ್ತಾನೆ, ನಾವು ಕುಡಿಯುತ್ತೇವೆ. ಅವನು ಸ್ನಾನವನ್ನು ‘ಟೇಕ್’ ಮಾಡುತ್ತಾನೆ; ನಾವು ಮೀಯುತ್ತೇವೆ. ಅವನು ಪ್ರತಿಜ್ಞೆಯನ್ನು ತೆಗೆದುಕೊಂಡರೆ ನಾವು ಆಣೆ ಇಡುತ್ತೇವೆ. ಅವನ ಮನೆ ಬೆಂಕಿಯನ್ನು ತೆಗೆದುಕೊಂಡರೆ ನಮ್ಮ ಮನೆಗೆ ಬೆಂಕಿ ಹತ್ತುತ್ತದೆ. ಅವನ ಸಭೆ ‘ಜಾಗ ತೆಗೆದುಕೊಳ್ಳುತ್ತದೆ’, ನಮ್ಮದು ನಡೆಯುತ್ತದೆ. ಅವನ ಗಿಡ ಬೇರನ್ನು ‘ಟೇಕ್’ ಮಾಡುತ್ತದೆ. ನಮ್ಮ ಗಿಡ ಬೇರು ಬಿಡುತ್ತದೆ. ಒಂದೇ ಗಿಡ, ಒಂದೇ ಮಣ್ಣು. ಒಬ್ಬನ ಕಣ್ಣಿಗೆ ತೆಗೆದುಕೊಂಡಂತೆ ಕಂಡದ್ದು ಇನ್ನೊಬ್ಬನ ಕಣ್ಣಿಗೆ ಬಿಟ್ಟಂತೆ ಕಂಡಿದೆ! ಅವನು ಹೊರಡುವಾಗ ಅಪ್ಪಣೆಯನ್ನು ‘ಟೇಕ್’ ಮಾಡುತ್ತಾನೆ. ನಾವು ಹೊರಡುವಾಗಲೂ ‘ಬರುತ್ತೇನೆ’ ಎನ್ನುತ್ತೇವೆ. ಕ್ರಿಯಾಪದವೆಂದರೆ ಆಯಾ ಜನ ಲೋಕವನ್ನು ನೋಡುವ ಕೋನ. ಅದಕ್ಕೆ ಪರ್ಯಾಯಪದವನ್ನು ಹುಡುಕಬಾರದು, ಆ ಸನ್ನಿವೇಶದಲ್ಲಿ ನಮ್ಮವರು ಏನೆನ್ನುತ್ತಾರೆಂದು ಕೇಳಬೇಕು.

ಈ ಕೇಳುವ ಅಭ್ಯಾಸ ತಪ್ಪಿದ್ದರ ಫಲವನ್ನು ಇಂದಿನ ಬರವಣಿಗೆಯಲ್ಲಿ ದಿನವೂ ಕಾಣುತ್ತೇವೆ. ‘ಸಭೆ ನಿರ್ಧರಿಸಿತು’ ಎಂದರೆ ಸಾಕಾಗುವಲ್ಲಿ ‘ಸಭೆಯು ನಿರ್ಧಾರವನ್ನು ತೆಗೆದುಕೊಂಡಿತು’. ‘ದಣಿವಾರಿಸಿಕೊಂಡರು’ ಎನ್ನುವಲ್ಲಿ ‘ವಿಶ್ರಾಂತಿಯನ್ನು ತೆಗೆದುಕೊಂಡರು’. ‘ಆಟದಲ್ಲಿ ಪಾಲ್ಗೊಂಡರು’ ಎನ್ನುವಲ್ಲಿ ‘ಭಾಗವನ್ನು ತೆಗೆದುಕೊಂಡರು’. ಇಲ್ಲಿ ಆದದ್ದೇನು ಗಮನಿಸಿರಿ. ಜೀವಂತವಾಗಿದ್ದ ಒಂದು ಕ್ರಿಯಾಪದವನ್ನು ಮೊದಲು ನಾಮಪದವಾಗಿ ಒಣಗಿಸಿ, ಅದನ್ನು ಹೊರಲು ‘ತೆಗೆದುಕೊಳ್ಳು’ ಎಂಬ ಕೂಲಿಯನ್ನು ಗೊತ್ತುಮಾಡಿದ್ದಾರೆ. ನಿರ್ಧಾರ, ವಿಶ್ರಾಂತಿ, ಕ್ರಮ, ಜವಾಬ್ದಾರಿ, ಕಾಳಜಿ, ಎಲ್ಲ ಮೂಟೆಗಳೂ ಈ ಒಬ್ಬನ ತಲೆಯ ಮೇಲೆ. ಹೊರುವವನು ಬಳಲಿದ್ದಾನೆ, ಮನೆಯ ಆಳುಗಳು ಕೆಲಸವಿಲ್ಲದೆ ಕುಳಿತಿದ್ದಾರೆ.

ಇದಕ್ಕೆಲ್ಲ ಇಂಗ್ಲಿಷೇ ಕಾರಣವೆಂದು ಒಂದು ಗುಂಪು ಬಯ್ಯುವುದುಂಟು. ನಮ್ಮ ಕರಾವಳಿಯ ಸಾಕ್ಷ್ಯ ಹಾಗೆ ಹೇಳುವುದಿಲ್ಲ. ಮರಾಠಿಯವರು ‘ನಿರ್ಣಯ ಘೇಣೆ’, ‘ಭಾಗ ಘೇಣೆ’ ಎನ್ನುತ್ತಾರೆ. ಹಿಂದಿಯವರು ‘ನಿರ್ಣಯ ಲೇನಾ’, ‘ಭಾಗ ಲೇನಾ’ ಎನ್ನುತ್ತಾರೆ. ಕೊಂಕಣಿಯಲ್ಲಿಯೂ ‘ಘೆ’ ಧಾತುವಿಗೆ ಇಂಥ ನಾಮಪದಗಳು ಹೊಂದುತ್ತವೆ. ‘ಕಾಳಜಿ ತೆಗೆದುಕೊಳ್ಳಿ’ ಎಂಬ ಮಾತನ್ನೇ ನೋಡಿರಿ. ‘ಟೇಕ್ ಕೇರ್’ ಎಂಬುದರ ಪಡಿಯಚ್ಚು ಎಂದು ನಾವು ನಗುತ್ತೇವೆ. ಆದರೆ ‘ಕಾಳಜಿ’ ಎಂಬ ಶಬ್ದವೇ ಮರಾಠಿಯಿಂದ ಬಂದದ್ದು. ಅದರ ಜೊತೆಯಲ್ಲೇ ‘ಘೇ’ ಎಂಬ ಸಂಗಾತಿಯೂ ಅಲ್ಲಿದೆ. ಉತ್ತರದ ಗಡಿಯ ಕನ್ನಡಿಗನೊಬ್ಬ ‘ಕಾಳಜಿ ತಗೋರಿ’ ಎಂದರೆ ಅವನು ಇಂಗ್ಲಿಷು ಅನುಕರಿಸಿದನೆಂದು ಹೇಳಲಾಗದು. ಒಂದೇ ನುಡಿಗಟ್ಟಿಗೆ ಇಬ್ಬರು ತಂದೆಯರು ನಿಂತಿರುವಾಗ ತೀರ್ಪು ಕೊಡುವವರು ತುಸು ನಿಧಾನಿಸಬೇಕು.

ಇನ್ನೂ ಆಳಕ್ಕಿಳಿದರೆ ಕನ್ನಡಕ್ಕೇ ತನ್ನದಾದ ಒಂದು ‘ಟೇಕ್’ ಇತ್ತೆಂಬುದು ತಿಳಿಯುತ್ತದೆ. ಅದು ‘ಕೊಳ್’ ಎಂಬ ಧಾತು. ಹಳಗನ್ನಡದಲ್ಲಿ ಅದರ ಅರ್ಥ ಪಡೆ, ಸ್ವೀಕರಿಸು, ವಶಪಡಿಸು, ಕ್ರಯಕ್ಕೆ ಪಡೆ ಎಂದೆಲ್ಲ ಹರಡಿತ್ತು. ವೀರಗಲ್ಲುಗಳಲ್ಲಿ ಬರುವ ‘ತುರುಗೊಳ್’ ಎಂದರೆ ಹಸುಗಳನ್ನು ಹಿಡಿದೊಯ್ಯುವುದು. ‘ಕೊಳ್ಳೆ’ ಅದೇ ವಂಶದ ಶಬ್ದ. ಇಂದು ಸ್ವತಂತ್ರವಾಗಿ ನಿಂತ ‘ಕೊಳ್ಳು’ ಕ್ರಯಕ್ಕಷ್ಟೇ ಮೀಸಲಾಗಿದೆ. ಆದರೆ ಆ ಧಾತು ಸಾಯಲಿಲ್ಲ. ಇತರ ಪದಗಳ ಬಾಲವಾಗಿ ಸೇರಿ ಮನೆಯೆಲ್ಲ ತುಂಬಿತು. ಪಾಲ್ಗೊಳ್ಳು, ಕೈಗೊಳ್ಳು, ಒಳಗೊಳ್ಳು, ರೂಪುಗೊಳ್ಳು. ತಿಳಿದುಕೊಳ್ಳು, ಒಪ್ಪಿಕೊಳ್ಳು, ವಹಿಸಿಕೊಳ್ಳು, ಹಚ್ಚಿಕೊಳ್ಳು, ಎತ್ತಿಕೊಳ್ಳು. ಇಂಗ್ಲಿಷಿನ ‘ಟೇಕ್’ ಮೆರವಣಿಗೆಯ ಮುಂದೆ ಬಾವುಟ ಹಿಡಿದು ನಡೆಯುತ್ತದೆ. ನಮ್ಮ ‘ಕೊಳ್ಳು’ ಹಿಂದಿನಿಂದ ನೂಕುತ್ತದೆ. ಕೆಲಸ ಬಹುಮಟ್ಟಿಗೆ ಒಂದೇ.

ಇದನ್ನರಿತರೆ ಎಷ್ಟೋ ತೊಡಕುಗಳು ತಾವಾಗಿ ಬಿಚ್ಚುತ್ತವೆ. ಮಗುವಿನ ವಿಷಯದಲ್ಲಿ ಇಂಗ್ಲಿಷಿನವನು ‘ಟೇಕ್ ಕೇರ್’ ಎಂದದ್ದಕ್ಕೆ ನಮ್ಮ ಅಜ್ಜಿ ‘ಮಗುವನ್ನು ನೋಡಿಕೊ’ ಎನ್ನುತ್ತಾಳೆ. ಬರಿಯ ‘ನೋಡು’ ಕಣ್ಣಿನ ಕೆಲಸ. ‘ನೋಡಿಕೊ’ ಎಂದೊಡನೆ ಹೊಣೆ ಹೆಗಲಿಗೇರಿತು. ‘ಹಚ್ಚು’ ಎಂದರೆ ಗಂಧವನ್ನೂ ಹಚ್ಚಬಹುದು, ದೀಪವನ್ನೂ ಹಚ್ಚಬಹುದು. ‘ಮನಸ್ಸಿಗೆ ಹಚ್ಚಿಕೊ’ ಎಂದಾಗ ಇಂಗ್ಲಿಷಿನವನು ಎದೆಗೆ ‘ಟೇಕ್’ ಮಾಡುವ ದುಃಖವೆಲ್ಲ ಬಂತು. ‘ಪಾಲ್ಗೊಳ್’ ಎಂಬುದು ‘ಪಾಲು’ ಮತ್ತು ‘ಕೊಳ್’ ಸೇರಿ ಆದದ್ದು. ಇಂಗ್ಲಿಷಿನ ನುಡಿಗಟ್ಟಿನ ತಿರುಳೂ ಇದೇ. ನಮ್ಮ ಪೆಟ್ಟಿಗೆಯೊಳಗೆ ಇದ್ದ ಒಡವೆಯನ್ನೇ ‘ಭಾಗವನ್ನು ತೆಗೆದುಕೊಂಡರು’ ಎಂದು ಸಾಲ ತಂದು ಹಾಕಿಕೊಂಡಿದ್ದೇವೆ. ದೋಷ ಎರವಲಿನದಲ್ಲ, ನಮ್ಮ ಪೆಟ್ಟಿಗೆ ತೆರೆದು ನೋಡದ ಆಲಸ್ಯದ್ದು.

ಈ ಪೆಟ್ಟಿಗೆಯಲ್ಲಿರುವ ಇನ್ನೊಂದು ಒಡವೆಯೇ ‘ಹಿಡಿ’. ಇಂಗ್ಲಿಷಿಗೆ ‘ಟೇಕ್’ ಹೇಗೋ ನಮಗೆ ‘ಹಿಡಿ’ ಹಾಗೆ. ಇದರ ಹಳೆಯ ರೂಪ ‘ಪಿಡಿ’. ತಮಿಳು ಮಲೆಯಾಳಗಳಲ್ಲಿ ಅದು ಇಂದಿಗೂ ‘ಪಿಡಿ’ಯೇ. ನಮ್ಮ ಕರಾವಳಿಯ ಒಂದು ವರ್ಷವನ್ನು ಈ ಒಂದೇ ಧಾತುವಿನಿಂದ ಹೇಳಿ ಮುಗಿಸಬಹುದು. ಜ್ಯೇಷ್ಠದಲ್ಲಿ ಮಳೆ ಹಿಡಿಯುತ್ತದೆ. ಹಿಡಿದ ಮಳೆ ಬಿಡುವುದಿಲ್ಲ. ಗೋಡೆಗೆ ಬೂಷ್ಟು ಹಿಡಿಯುತ್ತದೆ, ಕತ್ತಿಗೆ ತುಕ್ಕು ಹಿಡಿಯುತ್ತದೆ, ಮುದುಕರಿಗೆ ಸೊಂಟ ಹಿಡಿಯುತ್ತದೆ. ಮಳೆ ಕಳೆದ ಮೇಲೆ ಮೀನು ಹಿಡಿಯುವವರು ಕಡಲಿಗಿಳಿಯುತ್ತಾರೆ. ಅಡಿಕೆ ತೋಟದಲ್ಲಿ ಒಬ್ಬ ಮರವೇರಿ ಕೊನೆ ಕೊಯ್ದರೆ ಕೆಳಗೆ ಇನ್ನೊಬ್ಬ ಕೊನೆ ಹಿಡಿಯುತ್ತಾನೆ. ಮಾವು ಕಾಯಿ ಹಿಡಿಯುತ್ತದೆ. ಮನೆಯಲ್ಲಿ ಪಾಯಸ ತಳ ಹಿಡಿಯುತ್ತದೆ, ಹುಡುಗ ಹಟ ಹಿಡಿಯುತ್ತಾನೆ, ಅಣ್ಣ ಬೆಳಗಿನ ಬಸ್ಸು ಹಿಡಿಯುತ್ತಾನೆ. ಕುಮಟೆಯಿಂದ ಭಟ್ಕಳಕ್ಕೆ ಹೋಗಲು ಎಷ್ಟು ಹೊತ್ತು ಹಿಡಿಯುತ್ತದೆಂದು ಅವನು ಕೇಳುತ್ತಾನೆ. ‘ಟೇಕ್’ ಬಂದಲ್ಲಿ ಸಮಯವನ್ನು ‘ತೆಗೆದುಕೊಳ್ಳುವ’ ಅವಶ್ಯಕತೆಯೇ ಇಲ್ಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಕೈ ಹಿಡಿದರೆ ಮದುವೆ. ಕಾಲು ಹಿಡಿದರೆ ದೈನ್ಯ. ಬಾಯಿ ಹಿಡಿದರೆ ಸಂಯಮ. ಬೆನ್ನು ಹಿಡಿದರೆ ಕಾಟ. ಕೊಡದಲ್ಲಿ ಎಷ್ಟು ನೀರು ಹಿಡಿಯುತ್ತದೆಂದು ಅಳತೆಗೂ ಅದೇ; ಸಂಬಳದಲ್ಲಿ ಇಷ್ಟು ಹಿಡಿದರೆಂದು ಕಡಿತಕ್ಕೂ ಅದೇ. ಬೆಳಗಿನಿಂದ ‘ಹಿಡಿದು’ ಸಂಜೆಯ ತನಕ ಎನ್ನುವಾಗ ಅದು ಕ್ರಿಯಾಪದದ ವೇಷವನ್ನೇ ಕಳಚಿ ಅವ್ಯಯವಾಗಿ ನಿಂತಿದೆ. ನಾಮಪದವಾದರೆ ಒಂದು ಹಿಡಿ ಅಕ್ಕಿ, ಚಾಕುವಿನ ಹಿಡಿ, ಅಂಗಳ ಗುಡಿಸುವ ಹಿಡಿಸೂಡಿ. ಇನ್ನು ‘ಹಿಡಿಸು’ ಎಂದರೆ ಮನಸ್ಸಿಗೆ ಒಪ್ಪುವುದು. ತಮಿಳಿನವರ ‘ಪಿಡಿಕ್ಕುಂ’ ಸಹ ಅದನ್ನೇ ಹೇಳುತ್ತದೆ. ಹಸ್ತದಿಂದ ಹೊರಟ ಶಬ್ದವೊಂದು ಹೃದಯದ ತನಕ ನಡೆದದ್ದು ಹೀಗೆ. ನಮ್ಮ ಈ ಧಾತುವನ್ನು ಇಂಗ್ಲಿಷಿಗೆ ತಿರುಗಿಸಹೊರಟವನಿಗೆ ಅಲ್ಲಿಯ ಹತ್ತಾರು ಕ್ರಿಯಾಪದಗಳು ಬೇಕಾಗುತ್ತವೆ. ನಮ್ಮ ಹುಡುಗ ‘ಟೇಕ್’ ಎದುರು ಕಣ್ಣು ಕಣ್ಣು ಬಿಟ್ಟಂತೆ ಕನ್ನಡ ಕಲಿಯುವ ಇಂಗ್ಲಿಷಿನವನೂ ‘ಹಿಡಿ’ಯ ಎದುರು ಬಿಡಬೇಕಾದೀತು.

ಆಯಾ ಕಸುಬಿನವರ ಬಳಿ ಆಯಾ ಕ್ರಿಯಾಪದ ಭದ್ರವಾಗಿದೆ. ಯಕ್ಷಗಾನವನ್ನೇ ತೆಗೆಯೋಣ. ಇಂಗ್ಲಿಷಿನ ನಟ ಪಾತ್ರವೊಂದನ್ನು ‘ಟೇಕ್’ ಮಾಡುತ್ತಾನೆ. ಪತ್ರಿಕೆಯ ಕನ್ನಡದಲ್ಲಿ ಅದು ‘ಪಾತ್ರವನ್ನು ತೆಗೆದುಕೊಂಡರು’ ಎಂದಾಗುತ್ತದೆ. ಹೊನ್ನಾವರದ ಕಡೆಯವರಿಗೆ ಅದು ವೇಷ ಕಟ್ಟುವುದು, ವೇಷ ಮಾಡುವುದು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳವನ್ನು ಕಟ್ಟಿದರು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಕೀಚಕ ಮಾಡಿದರು, ಭಸ್ಮಾಸುರ ಮಾಡಿದರು. ಮೇಳವನ್ನೂ ಕಟ್ಟುತ್ತಾರೆ, ವೇಷವನ್ನೂ ಕಟ್ಟುತ್ತಾರೆ, ಮನೆಯನ್ನೂ ಕಟ್ಟುತ್ತಾರೆ. ಮುಂಡಾಸು ಸುತ್ತಿ ಗೆಜ್ಜೆ ಬಿಗಿದು ಗಂಟೆಗಟ್ಟಲೆ ಶ್ರಮಪಟ್ಟು ನಿಲ್ಲಿಸುವ ವಸ್ತುವಿಗೆ ‘ಕಟ್ಟು’ ಎಂಬುದೇ ತಕ್ಕ ಮಾತು. ಅದನ್ನು ‘ತೆಗೆದುಕೊಂಡರು’ ಎಂದವನು ಚೌಕಿಯೊಳಗೆ ಇಣುಕಿ ನೋಡಿದವನಲ್ಲ. ಹಾಗೆಯ ಅಘನಾಶಿನಿಯ ಅಳಿವೆಯಲ್ಲಿ ನೀರು ಇಳಿದಾಗ ಹೆಂಗಸರು ಬಳಚು ತೆಗೆಯುತ್ತಾರೆ. ಸಾಣಿಕಟ್ಟೆಯ ಆಗರಗಳಲ್ಲಿ ಉಪ್ಪು ತೆಗೆಯುತ್ತಾರೆ. ಅಲ್ಲಿ ‘ತೆಗೆ’ ಎಂಬುದು ಮಣ್ಣಿನೊಳಗಿಂದ, ನೀರಿನೊಳಗಿಂದ ಹೊರಗೆ ತರುವ ಮೈಮುರಿಯ ಕೆಲಸ. ಈ ಶಬ್ದದ ಬೆವರು ಗೊತ್ತಿದ್ದವನು ಅದನ್ನು ಎಲ್ಲ ಕಡೆ ಎರಚಲಾರ.

ಹಾಗಾದರೆ ಬಂದದ್ದನ್ನೆಲ್ಲ ಹೊರದೂಡಬೇಕೆ? ಕೂಡದು. ‘ಬೆಳಕು ಚೆಲ್ಲು’ ಎಂಬ ಮಾತು ಇಂಗ್ಲಿಷಿನ ಅಚ್ಚಿನಲ್ಲಿ ಎರಕಹೊಯ್ದದ್ದು. ಇಂದು ಅದು ನಮ್ಮದೇ. ರಜೆ ಎಂಬ ಏರ್ಪಾಡು ಕಚೇರಿಯೊಂದಿಗೆ ಬಂದದ್ದು. ‘ರಜೆ ತೆಗೆದುಕೊಂಡೆ’ ಎಂದರೆ ಯಾರ ಕಿವಿಯೂ ನೋಯುವುದಿಲ್ಲ. ‘ಫೋಟೋ ತೆಗೆ’ ಎಂಬುದನ್ನು ಯಾವ ಪಂಡಿತನೂ ಕಲಿಸಲಿಲ್ಲ. ಹಾಲಿನಿಂದ ಬೆಣ್ಣೆ ತೆಗೆದವರು ಪೆಟ್ಟಿಗೆಯಿಂದ ಚಿತ್ರ ತೆಗೆದರು. ಇದಕ್ಕೊಂದು ಅಳತೆಗೋಲು ಇಟ್ಟುಕೊಳ್ಳಬಹುದು. ಹೊಸ ವಸ್ತುವಿಗೆ, ಹೊಸ ಭಾವಕ್ಕೆ ಹೊಸ ನುಡಿಗಟ್ಟು ಬರಲಿ. ಮೀಯುವುದು, ದಣಿವಾರಿಸುವುದು, ನಿರ್ಧರಿಸುವುದು, ಆಣೆ ಇಡುವುದು ಹೊಸತಲ್ಲ. ಅವುಗಳಿಗೆ ಹೊಸ ನುಡಿಗಟ್ಟು ತಂದವನು ಏನನ್ನೂ ಸೇರಿಸಲಿಲ್ಲ, ಇದ್ದದ್ದನ್ನು ಮರೆಸಿದ.

ನಮ್ಮ ‘ತೆಗೆದುಕೊಳ್ಳು’ವಿಗೂ ಅದರದೇ ಆದ ಗೌರವದ ಬಾಳು ಇದೆ. ಆಡುಮಾತಿನಲ್ಲಿ ಅದು ತಗೊ, ತಕೊ, ತಗ ಎಂದೆಲ್ಲ ಕಿರಿದಾಗಿದೆ. ‘ಎಮ್ಮೆ ತಗೊಂಡ’ ಎಂದರೆ ಖರೀದಿಸಿದನೆಂದೇ ಅರ್ಥ. ‘ಅಷ್ಟರಲ್ಲಿ, ತಗೊ, ಮಳೆ ಬಂದೇ ಬಿಟ್ಟಿತು!’ ಎನ್ನುವಾಗ ಆ ‘ತಗೊ’ದಲ್ಲಿ ತೆಗೆದುಕೊಳ್ಳತಕ್ಕದ್ದು ಏನೂ ಇಲ್ಲ, ಕೇಳುವವನ ಕಣ್ಣೆದುರು ಘಟನೆಯನ್ನು ತಂದೊಗೆಯುವ ಉದ್ಗಾರ ಅದು. ಇಂಗ್ಲಿಷಿನ ನೆರಳು ಬೀಳದ ಸ್ವಂತ ಚೇಷ್ಟೆಗಳಿವು.

ಇಲ್ಲಿ ನಿಘಂಟುಗಳ ಬಗ್ಗೆ ಒಂದು ಮಾತು. ಫರ್ಡಿನೆಂಡ್ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನಿಂದ ಬಂತು. ಅದು ಇನ್ನೂ ನಮ್ಮ ಕೈಬಿಡದಿರುವುದಕ್ಕೆ ಪದಗಳ ಸಂಖ್ಯೆಯೊಂದೇ ಕಾರಣವಲ್ಲ. ಆ ಪರದೇಶಿ ಪದದ ಜೊತೆಗೆ ಗಾದೆಯನ್ನೂ ಬಳಕೆಯನ್ನೂ ಕೊಟ್ಟರು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು 1970ರಿಂದ 1995ರ ತನಕ ಹೊರಬಂದು ಹಳೆಯ ಪ್ರಯೋಗಗಳನ್ನು ಒಟ್ಟುಮಾಡಿತು. ಪ್ರೊ. ಜಿ. ವೆಂಕಟಸುಬ್ಬಯ್ಯನವರು ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರ ಸಂಶಯಗಳಿಗೆ ವರ್ಷಗಟ್ಟಲೆ ಉತ್ತರಿಸಿದರು. ಇವು ಕನ್ನಡದಿಂದ ಹೊರಡುವ ದಾರಿಗಳು. ಇಂಗ್ಲಿಷಿನಿಂದ ಕನ್ನಡಕ್ಕೆ ಬರುವ ದಾರಿಯಲ್ಲಿ ಮಾತ್ರ ಮಕ್ಕಳ ಕೈಗೆ ಸಿಗುವ ಸಣ್ಣ ಕೋಶಗಳು ಇನ್ನೂ ಜಿಪುಣವಾಗಿವೆ. ‘ಟೇಕ್’ ಎದುರಿಗೆ ತೆಗೆದುಕೊ, ಹಿಡಿ, ಸ್ವೀಕರಿಸು, ಒಯ್ಯು ಎಂದು ಸಾಲು ನಿಲ್ಲಿಸಿದರೆ ಯಾವ ಸಂದರ್ಭಕ್ಕೆ ಯಾರನ್ನು ಕರೆಯಬೇಕೆಂದು ಹುಡುಗನಿಗೆ ತಿಳಿಯುವುದು ಹೇಗೆ? ಒಂದೊಂದು ಅರ್ಥಕ್ಕೂ ಬಳಕೆಯ ಸಾಕ್ಷಿಯಾಗಿ ವಾಕ್ಯ ಕೊಡುವ ರೀತಿಯನ್ನು ಜಾನ್ಸನ್ 1755ರಲ್ಲೇ ತೋರಿಸಿದ್ದನಲ್ಲವೆ?

ಎರಡು ಮೂರು ಭಾಷೆಗಳ ನಡುವೆ ಬಾಳುವುದರಿಂದಲೇ ಬರವಣಿಗೆ ಕಲಬೆರಕೆಯಾಗುತ್ತದೆಂಬ ಮಾತನ್ನೂ ಈ ಸೀಮೆ ಸುಳ್ಳು ಮಾಡಿದೆ. ಗೋಕರ್ಣದ ಗೌರೀಶ ಕಾಯ್ಕಿಣಿಯವರು, ಹನೇಹಳ್ಳಿಯ ಗಂಗಾಧರ ಚಿತ್ತಾಲ, ಯಶವಂತ ಚಿತ್ತಾಲರು ಕುಮಟಾ ತಾಲೂಕಿನವರು. ಮನೆಮಾತು ಕೊಂಕಣಿ, ಬರೆದದ್ದು ಕನ್ನಡ. ಯಶವಂತ ಚಿತ್ತಾಲರ ದುಡಿಮೆ ಮುಂಬಯಿಯ ಪ್ಲಾಸ್ಟಿಕ್ ಉದ್ಯಮದಲ್ಲಿ, ಅಂದರೆ ಇಂಗ್ಲಿಷಿನ ನಡುವೆ. ಆದರೂ 1979ರ ‘ಶಿಕಾರಿ’ಯಂಥ ಮಹಾನಗರದ ಕಾದಂಬರಿ ಬರೆದ ಅದೇ ಲೇಖನಿ ಹನೇಹಳ್ಳಿಯ ಕತೆಗಳಿಗೆ ಬಂದಾಗ ಅಲ್ಲಿಯ ಜನರ ಬಾಯಿಗೆ ಅನುವಾದದ ಕನ್ನಡವನ್ನು ತುರುಕಲಿಲ್ಲ. ಭಾಷೆಗಳನ್ನು ಅಕ್ಕಪಕ್ಕ ಇಟ್ಟು ಬಾಳಿದವರಿಗೆ ಒಂದರ ಎಲ್ಲೆ ಎಲ್ಲಿ ಮುಗಿಯಿತೆಂಬುದು ಚೆನ್ನಾಗಿ ತಿಳಿದಿರುತ್ತದೆ. ಹಿಂದಕ್ಕೆ ಹೋದರೆ, ಭಟ್ಕಳ ತಾಲೂಕಿನ ಹಾಡುವಳ್ಳಿಯ ಜೈನ ಮಠದ ಅಕಲಂಕದೇವನ ಶಿಷ್ಯನೆಂದು ಸಾಹಿತ್ಯ ಚರಿತ್ರೆಕಾರರು ಗುರುತಿಸುವ ಭಟ್ಟಾಕಳಂಕನು 1604ರಲ್ಲಿ ‘ಕರ್ನಾಟಕ ಶಬ್ದಾನುಶಾಸನ’ವನ್ನು ರಚಿಸಿದ. ಕನ್ನಡದ ವ್ಯಾಕರಣ, ಬರೆದದ್ದು 592 ಸಂಸ್ಕೃತ ಸೂತ್ರಗಳಲ್ಲಿ. ಕನ್ನಡ ಶಾಸ್ತ್ರಕ್ಕೆ ಒದಗದ ನುಡಿಯೆಂಬ ಆಕ್ಷೇಪವನ್ನು ಸಂಸ್ಕೃತದಲ್ಲಿಯೇ ನಿಂತು ಖಂಡಿಸಿದವನು ಆತ. ಪರಭಾಷೆಯ ಪಾಂಡಿತ್ಯ ಮನೆಮಾತಿನ ಮಾನ ಕಾಯಬಲ್ಲದೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಡ.

ಇಷ್ಟು ಸಣ್ಣ ಸಂಗತಿಗೆ ಇಷ್ಟು ಗದ್ದಲವೇಕೆಂದು ಕೇಳುವವರಿದ್ದಾರು. ಅವರು ಸರ್ಕಾರಿ ಕಾಗದಗಳ ಕಡೆಗೊಮ್ಮೆ ನೋಡಬೇಕು. ‘ಕ್ರಮ ತೆಗೆದುಕೊಳ್ಳಲಾಗುವುದು.’ ಯಾರು ತೆಗೆದುಕೊಳ್ಳುತ್ತಾರೆ? ಹೇಳಿಲ್ಲ. ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣದ ಕೆಲಸ ಈ ಮೂರೂ ತಾಲೂಕುಗಳನ್ನು ಹಾದುಹೋಗಿದೆ. ಕಚೇರಿಯ ಭಾಷೆಯಲ್ಲಿ ಇಂಥ ಕಡೆ ಜಮೀನನ್ನು ‘ಸ್ವಾಧೀನಕ್ಕೆ ತೆಗೆದುಕೊಳ್ಳಲಾಗುತ್ತದೆ’; ರಸ್ತೆ ಬದಿಯ ಮನೆಯ ಭಾಷೆಯಲ್ಲಿ ‘ಅಂಗಳ ಹೋಯಿತು’. ಮೊದಲನೆಯ ವಾಕ್ಯದಲ್ಲಿ ತೆಗೆದುಕೊಂಡವನೂ ಇಲ್ಲ, ಕೊಟ್ಟವನೂ ಇಲ್ಲ. ಎರಡನೆಯದರಲ್ಲಿ ತೆಂಗಿನ ಮರ, ಬಾವಿಕಟ್ಟೆ, ತುಳಸಿಕಟ್ಟೆ ಎಲ್ಲ ಇವೆ. ರಸ್ತೆ ಬೇಕೋ ಬೇಡವೋ ಎಂಬುದು ಬೇರೆ ಪ್ರಶ್ನೆ. ಆದರೆ ಕಳೆದುಕೊಂಡವನು ತನ್ನ ಕಾಗದವನ್ನು ಓದಿ, ಇದು ತನ್ನ ಅಂಗಳದ ಸುದ್ದಿಯೆಂದು ಕಂಡುಕೊಳ್ಳುವಷ್ಟಾದರೂ ಭಾಷೆ ನೇರವಾಗಿರಬೇಡವೆ? ಕ್ರಿಯಾಪದದಿಂದ ಕರ್ತೃ ಜಾರಿಹೋದರೆ ವ್ಯವಹಾರದಿಂದ ಹೊಣೆಯೂ ಜಾರಿಹೋಗುತ್ತದೆ.

ಈಗ ಯಂತ್ರಗಳೂ ಅನುವಾದ ಮಾಡುತ್ತಿವೆ. ಅವುಗಳನ್ನು ಬಯ್ದು ಫಲವಿಲ್ಲ. ನಾವು ಅಚ್ಚು ಹಾಕಿದ ರಾಶಿ ರಾಶಿ ಕನ್ನಡವನ್ನು ಓದಿಯೇ ಅವು ಕಲಿಯುತ್ತವೆ. ‘ನೋಡಿಕೊ’ ಎಂದು ನಾವು ಬರೆದಿದ್ದರೆ ಅದನ್ನು, ‘ಕಾಳಜಿಯನ್ನು ತೆಗೆದುಕೊ’ ಎಂದು ಬರೆದಿದ್ದರೆ ಅದನ್ನು. ನಮ್ಮ ಆಲಸ್ಯಕ್ಕೆ ಈಗ ಗಿರಣಿಯ ವೇಗ ಬಂದಿದೆಯೆಂಬುದಷ್ಟೇ ಹೊಸ ಸಂಗತಿ.

ಮಾಡಬಹುದಾದ ಕೆಲಸ ದೊಡ್ಡದೇನೂ ಅಲ್ಲ. ಈ ಜಿಲ್ಲೆಯ ಎಲ್. ಆರ್. ಹೆಗಡೆ, ಎನ್. ಆರ್. ನಾಯಕ ಮೊದಲಾದವರು ಊರೂರು ತಿರುಗಿ ಹಾಡು, ಕತೆಗಳನ್ನು ಸಂಗ್ರಹಿಸಿದರು. ಅದೇ ಹಾದಿಯಲ್ಲಿ ಈ ಮೂರು ಊರುಗಳ ಕಾಲೇಜುಗಳ ವಿದ್ಯಾರ್ಥಿಗಳು ಐವತ್ತೇ ಐವತ್ತು ಕ್ರಿಯಾಪದಗಳನ್ನು ಹಿಡಿದು ಹೊರಡಲಿ: ಹಿಡಿ, ಬಿಡು, ತೆಗೆ, ಇಡು, ಹಾಕು, ಹೊಡೆ, ಕಟ್ಟು, ಬೀಳು, ಹತ್ತು. ಮೀನುಪೇಟೆ, ದೋಣಿ, ಅಡಿಕೆ ಅಂಗಳ, ಚೌಕಿಮನೆ, ಅಡಿಗೆಮನೆಗಳಲ್ಲಿ ಅವು ಮಾಡುವ ಕೆಲಸವನ್ನು ಕೇಳಿ ಬರೆದುಕೊಳ್ಳಲಿ. ಕೊಂಕಣಿಯವರು, ನವಾಯತರು ಅದೇ ಸನ್ನಿವೇಶದಲ್ಲಿ ಏನೆನ್ನುತ್ತಾರೆಂಬುದನ್ನೂ ಪಕ್ಕದಲ್ಲಿ ಬರೆಯಲಿ. ಕೊನೆಯ ಅಂಕಣದಲ್ಲಿ ಇಂಗ್ಲಿಷು ಬರಲಿ. ಐವತ್ತು ಕ್ರಿಯಾಪದಗಳ ಇಂಥ ಪುಸ್ತಿಕೆಯೊಂದು ಶಾಲೆಯ ಮೇಜಿನ ಮೇಲಿದ್ದರೆ ನಮ್ಮ ಹುಡುಗನಿಗೆ ಇಂಗ್ಲಿಷು ಬೇಗ ಬಂದೀತು. ಅನುವಾದಕನಿಗೆ ಕನ್ನಡ ಮರಳಿ ಬಂದೀತು. ಆಮೇಲೆ ‘ಟೇಕ್’ ಎದುರಾದಾಗಲೆಲ್ಲ ಅವರು ಕೋಶ ತೆರೆಯುವ ಮುಂಚೆ ಒಂದೇ ಪ್ರಶ್ನೆ ಹಾಕಿಕೊಂಡರೆ ಸಾಕು: ಈ ಮಾತು ನಮ್ಮ ಮನೆಯವರ ಕಿವಿಗೆ ಹಿಡಿಸೀತೆ?